ಮರ್ಫಿ ಟೌನ್, ಮರ್ಫಿ ರೇಡಿಯೋ, ಮರ್ಫಿ ಲಾ: ಒಂದು ಐರಿಷ್ ಮನೆತನದ ಹೆಸರಿನ ಜಾಡು ಹಿಡಿಯೋದು ಹೇಗೆ

ಹಲಸೂರು ಕಡೆ ಓಡಾಡೋರಿಗೆ ಮರ್ಫಿ ಟೌನ್ ಗೊತ್ತು, ಅಜ್ಜಿ ಮನೇಲಿ ಹಳೇ ವಾಲ್ವ್ ರೇಡಿಯೋ ನೋಡಿದೋರಿಗೆ ಮರ್ಫಿ ರೇಡಿಯೋ ಗೊತ್ತು, ಇನ್ನು ಐಟಿ ಕಂಪನೀಲಿ ಕ್ಲೈಂಟ್ ಡೆಮೋ ಶುರುವಾಗೋ ಹೊತ್ತಿಗೇ ಸರ್ವರ್ ಮಲ್ಕೊಂಡ್ರೆ "ಮರ್ಫಿ ಲಾ ಗುರೂ" ಅನ್ನದೇ ಇರೋರು ಯಾರೂ ಇಲ್ಲ. ಈ ಮೂರೂ ಒಬ್ಬನೇ ಮರ್ಫಿನಾ? ಅಲ್ಲ, ಮೂರು ಜನ ಬೇರೆ ಬೇರೆ, ಒಬ್ಬರು ಬೆಂಗಳೂರಲ್ಲಿ ಎಂಜಿನಿಯರ್, ಒಬ್ಬರು ಇಂಗ್ಲೆಂಡಲ್ಲಿ ಕಂಪನಿ ಕಟ್ಟಿದೋರು, ಇನ್ನೊಬ್ಬರು ಅಮೆರಿಕದ ಏರ್‌ಫೋರ್ಸಲ್ಲಿದ್ದೋರು. ಹೆಸರು ಮಾತ್ರ ಒಂದೇ, ಅದು ಬಂದಿದ್ದು ಐರ್ಲೆಂಡಿಂದ.

ಇಂಥ ಒಂದು ಹೆಸರನ್ನ ಹಿಡ್ಕೊಂಡು ಅದು ಎಲ್ಲಿ ಹುಟ್ತು, ಎಲ್ಲೆಲ್ಲಿ ಹರಡ್ತು, ಯಾವ್ಯಾವ ವಸ್ತುವಿಗೆ ಅಂಟ್ಕೊಳ್ತು ಅಂತ ಕ್ರಮವಾಗಿ ಹುಡುಕೋದು ಹೇಗೆ ಅನ್ನೋದೇ ಈ ಬರಹ. ಮಕ್ಕಳ ಸ್ಕೂಲ್ ಪ್ರಾಜೆಕ್ಟ್‌ಗೆ ಏರಿಯಾ ಹೆಸರಿನ ಇತಿಹಾಸ ಬೇಕಾಗಿರೋ ಅಪ್ಪ ಅಮ್ಮಂದಿರಿಗೆ, ಕ್ವಿಜ್ ಮಾಡೋರಿಗೆ, ಮತ್ತೆ ಕಂಟೋನ್ಮೆಂಟ್ ಕಡೆಯ ಹಳೇ ಕುಟುಂಬಗಳಲ್ಲಿ ತಾತನೋ ಮುತ್ತಾತನೋ ಮರ್ಫಿ ಆಗಿದ್ದು ಆಮೇಲಿನ ಕಥೆ ಗೊತ್ತಿಲ್ಲದೇ ಇರೋರಿಗೆ ಇದು ಉಪಯೋಗಕ್ಕೆ ಬರತ್ತೆ. ಮರ್ಫಿ ಬದಲು ಕೆಲ್ಲಿ, ಒಬ್ರಯನ್, ಸಲ್ಲಿವನ್ ಯಾವುದಿದ್ರೂ ದಾರಿ ಇದೇ. ನಾನು ಮರ್ಫಿ ಆರಿಸ್ಕೊಂಡಿದ್ದು ಯಾಕಂದ್ರೆ ಐರ್ಲೆಂಡಲ್ಲಿ ಅತಿ ಹೆಚ್ಚು ಜನಕ್ಕೆ ಇರೋ ಮನೆತನದ ಹೆಸರು ಇದೇ. 1890ರ ಜನನ ನೋಂದಣಿ ಲೆಕ್ಕ ಇಟ್ಕೊಂಡು ಅಲ್ಲಿನ ರಿಜಿಸ್ಟ್ರಾರ್ ಕಚೇರಿಯ ರಾಬರ್ಟ್ ಮ್ಯಾಥೆಸನ್ ಅಂದಾಜು ಮಾಡಿದಾಗ ಮರ್ಫಿಗಳು ಸುಮಾರು 62,600, ಎರಡನೇ ಸ್ಥಾನದಲ್ಲಿದ್ದ ಕೆಲ್ಲಿಗಳು ಸುಮಾರು 55,900. ಇಷ್ಟು ಜನ ಇರೋ ಹೆಸರಲ್ಲಿ ಒಬ್ಬರನ್ನ ಹುಡುಕೋದು ಕಲಿತ್ರೆ ಬೇರೆ ಹೆಸರೆಲ್ಲ ಸಲೀಸು.

ಮೊದಲು ಯಾವ ಮರ್ಫಿ ಅಂತ ಗಟ್ಟಿ ಮಾಡ್ಕೊಳ್ಳಿ

ಗೂಗಲ್‌ಗೆ ಹೋಗಿ ಬರೀ ಮರ್ಫಿ ಅಂತ ಹೊಡೆದ್ರೆ ಲಾ, ಬೆಡ್, ನಟರು, ನಾಯಿ ಹೆಸರು ಎಲ್ಲ ಒಟ್ಟಿಗೆ ಬಂದು ಬೀಳತ್ತೆ. ಅದಕ್ಕೇ ಹುಡುಕೋಕೆ ಮುಂಚೆ ಒಂದು ಹಾಳೆ ತಗೊಂಡು ನಿಮ್ಮ ಕೈಲಿರೋ ಮರ್ಫಿ ಬಗ್ಗೆ ನಾಲ್ಕು ವಿಷಯ ಬರ್ಕೊಳ್ಳಿ: ಪೂರ್ತಿ ಹೆಸರೇನು, ಯಾವ ಕಾಲ, ಯಾವ ಊರು, ಏನು ಕೆಲಸ. ನಾಲ್ಕರಲ್ಲಿ ಎರಡು ಗೊತ್ತಿದ್ರೂ ಸಾಕು ಮುಂದೆ ಹೋಗಬಹುದು, ಒಂದೇ ಗೊತ್ತಿದ್ರೆ ಮೊದಲು ಎರಡನೇದು ಹುಡುಕಿ, ಐರ್ಲೆಂಡ್ ಕಡೆ ಆಮೇಲೆ ನೋಡೋಣ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಂದೇ ಹೆಸರು ಅಂದ್ರೆ ಒಂದೇ ವಂಶ ಅಂತ ತುಂಬ ಜನ ಅಂದ್ಕೊಂಡುಬಿಡ್ತಾರೆ, ಆ ನಂಬಿಕೆ ಮೇಲೇ ಇಡೀ ವಂಶವೃಕ್ಷ ಕಟ್ಟಿರೋದನ್ನ ಇಂಟರ್ನೆಟ್ಟಲ್ಲಿ ಎಷ್ಟು ಬೇಕಾದ್ರೂ ನೋಡಬಹುದು. ಐಸಾಕ್ ಬರ್ನ್ಸ್ ಮರ್ಫಿ ಅಂತ ಒಬ್ಬರು ಜಾಕಿ ಇದ್ರು, ನಮ್ಮ ರೇಸ್‌ಕೋರ್ಸ್ ಕಡೆ ಕುದುರೆ ವಿಚಾರ ಗೊತ್ತಿರೋರು ಕೇಳಿರಬಹುದು, ಅಮೆರಿಕದ ಕೆಂಟಕಿ ಡರ್ಬಿನ 1884, 1890, 1891 ಹೀಗೆ ಮೂರು ಸಲ ಗೆದ್ದೋರು. ಅವರು ಆಫ್ರಿಕನ್ ಅಮೆರಿಕನ್. ಹುಟ್ಟಿದಾಗ ಹೆಸರು ಐಸಾಕ್ ಬರ್ನ್ಸ್ ಅಷ್ಟೇ, ಅಮ್ಮನ ಕಡೆ ತಾತ ಗ್ರೀನ್ ಮರ್ಫಿ ಮೇಲಿನ ಗೌರವಕ್ಕೆ ಮರ್ಫಿ ಸೇರಿಸ್ಕೊಂಡ್ರು. ನಟ ಎಡ್ಡಿ ಮರ್ಫಿ ಕೂಡ ಆಫ್ರಿಕನ್ ಅಮೆರಿಕನ್ನೇ. ಗುಲಾಮಗಿರಿ ಕಾಲದಿಂದ ಅಮೆರಿಕದಲ್ಲಿ ಹೆಸರುಗಳು ರಕ್ತಸಂಬಂಧದ ದಾರಿ ಬಿಟ್ಟು ಬೇರೆ ಬೇರೆ ದಾರೀಲೂ ಬಂದಿವೆ, ಆದ್ದರಿಂದ ಹೆಸರು ಐರಿಷ್ ಆದ ಮಾತ್ರಕ್ಕೆ ಮನುಷ್ಯ ಐರಿಷ್ ಅಂತ ಬರೆಯೋ ಹಾಗಿಲ್ಲ. ಮರ್ಫಿ ಅನ್ನೋದನ್ನ ಮಗುವಿನ ಸ್ವಂತ ಹೆಸರಾಗಿ ಇಡೋದೂ ಈಗ ಇದೆ, ಅಲ್ಲಂತೂ ವಂಶದ ಪ್ರಶ್ನೇನೇ ಇಲ್ಲ.

ಸ್ಪೆಲಿಂಗ್ ಕೂಡ ಇಲ್ಲೇ ಬರ್ಕೊಳ್ಳಿ. ಹಳೇ ದಾಖಲೆಗಳಲ್ಲಿ ಪಿಎಚ್ ಬದಲು ಎಫ್ ಇರತ್ತೆ, ಕೊನೇ ವೈ ಮುಂಚೆ ಒಂದು ಇ ಇರತ್ತೆ, ಕೆಲವು ಕಡೆ ಯು ಬದಲು ಓ ಬಂದು ಮಾರ್ಫಿ ಆಗಿರತ್ತೆ. 19ನೇ ಶತಮಾನದ ದೊಡ್ಡ ಚೆಸ್ ಆಟಗಾರ ಪಾಲ್ ಮಾರ್ಫಿ ಮನೆತನ ಮೂಲದಲ್ಲಿ ಐರ್ಲೆಂಡಿನ ಮರ್ಫಿಗಳೇ, ಸ್ಪೇನಿಗೆ ಹೋದಮೇಲೆ ಹೆಸರು ಹಾಗಾಯ್ತು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮರ್ಫಿ ಅನ್ನೋ ಊರಿದೆ, ಅದು ಆರ್ಚಿಬಾಲ್ಡ್ ಮರ್ಫಿ ಅನ್ನೋರ ಹೆಸರಿಂದ ಬಂದಿದ್ದು, ಅವರ ಹೆಸರಲ್ಲಿ ಆ ಇ ಇತ್ತು, ಊರಿನ ಹೆಸರಲ್ಲಿ ಬಿಟ್ಟೋಯ್ತು. ಸರ್ಚ್ ಮಾಡೋವಾಗ ಒಂದೇ ಸ್ಪೆಲಿಂಗ್ ಹಿಡ್ಕೊಂಡ್ರೆ ಇಂಥವೆಲ್ಲ ಕೈತಪ್ಪತ್ತೆ. ತುಂಬ ಸೈಟ್‌ಗಳಲ್ಲಿ ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದ್ರೆ ಎಲ್ಲಾ ರೂಪಗಳೂ ಬರತ್ತೆ, ಅದನ್ನ ಉಪಯೋಗಿಸಿ.

ಹೆಸರಿನ ಬೇರು

ಐರ್ಲೆಂಡಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬರೋ ಮನೆತನದ ಹೆಸರುಗಳು 10, 11ನೇ ಶತಮಾನದಲ್ಲೇ ಶುರುವಾದವು, ಯೂರೋಪಲ್ಲೇ ಇದು ತುಂಬ ಮುಂಚೆ. ಅಲ್ಲಿ ಓ ಅಂದ್ರೆ ಮೊಮ್ಮಗ ಅಥವಾ ವಂಶದೋನು, ಮ್ಯಾಕ್ ಅಂದ್ರೆ ಮಗ. ಮುರಖಾ ಅಂತ ಒಂದು ಹಳೇ ಗಂಡು ಹೆಸರಿತ್ತು, ಐರಿಷ್ ಭಾಷೇಲಿ ಮುಇರ್ ಅಂದ್ರೆ ಸಮುದ್ರ, ಕಾಹ್ ಅಂದ್ರೆ ಯುದ್ಧ, ಎರಡೂ ಸೇರಿ ಸಮುದ್ರದ ಹೋರಾಟಗಾರ ಅನ್ನೋ ಅರ್ಥ. ಆ ಮುರಖಾನ ವಂಶದೋರು ಓ ಮುರಖಾ, ಇನ್ನು ಕೆಲವು ಕಡೆ ಮ್ಯಾಕ್ ಮುರಖಾ. ಇಂಗ್ಲಿಷ್ ಗುಮಾಸ್ತರು ಇದನ್ನ ತಮ್ಮ ಕಿವಿಗೆ ಕೇಳಿದ ಹಾಗೆ ಬರ್ಕೊಂಡಾಗ ಮರ್ಫಿ ಆಯ್ತು.

ಇಲ್ಲಿ ಸರಿಯಾಗಿ ಗಮನ ಕೊಡಿ. ಮುರಖಾ ಅನ್ನೋ ಹೆಸರು ಒಬ್ಬನಿಗೆ ಮಾತ್ರ ಇರಲಿಲ್ಲ, ಆ ಕಾಲದಲ್ಲಿ ಬಹಳ ಜನಕ್ಕಿತ್ತು, ನಮ್ಮಲ್ಲಿ ರಾಮಣ್ಣ ಭೀಮಣ್ಣ ಊರೂರಿಗೂ ಇರೋ ಹಾಗೆ. ಅದಕ್ಕೇ ಮರ್ಫಿಗಳು ಒಂದೇ ಕಡೆ ಹುಟ್ಟಿಲ್ಲ. ಆಗ್ನೇಯದ ವೆಕ್ಸ್‌ಫರ್ಡ್ ಕಡೇದು ಒಂದು ದೊಡ್ಡ ಗುಂಪು, ದಕ್ಷಿಣದ ಕಾರ್ಕ್ ಕಡೆ ಇನ್ನೊಂದು, ಉತ್ತರದ ಟಿರೋನ್ ಮತ್ತು ಅರ್ಮಾ ಕಡೆ ಮ್ಯಾಕ್‌ನಿಂದ ಬಂದ ಮತ್ತೊಂದು. ಕಾರ್ಕ್ ಮರ್ಫಿಗೂ ಅರ್ಮಾ ಮರ್ಫಿಗೂ ನೆಂಟಸ್ತನ ಇರಲೇಬೇಕು ಅಂತೇನಿಲ್ಲ. ನಿಮ್ಮ ಮರ್ಫಿ ಯಾವ ಕೌಂಟಿಯೋರು (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಅಂತ ಗೊತ್ತಾಗೋವರೆಗೂ ಮೂಲದ ಬಗ್ಗೆ ಒಂದು ಸಾಲೂ ಬರೆಯಬೇಡಿ, ಇದು ನನ್ನ ಕಟ್ಟುನಿಟ್ಟಿನ ಮಾತು.

ಇದೇ ಬೇರಿಂದ ಬಂದು ಮರ್ಫಿ ಆಗದೇ ಬೇರೆ ಥರ ಆದ ಹೆಸರೂ ಇವೆ. ಲೆನ್‌ಸ್ಟರ್ ಪ್ರಾಂತ್ಯದ ರಾಜ ಡರ್ಮಟ್ ಮ್ಯಾಕ್‌ಮರೋ 1166ರಲ್ಲಿ ಸಿಂಹಾಸನ ಕಳ್ಕೊಂಡು ಇಂಗ್ಲೆಂಡಿನ ಎರಡನೇ ಹೆನ್ರಿ ಹತ್ರ ಸಹಾಯ ಕೇಳಿದ, 1169ರಲ್ಲಿ ನಾರ್ಮನ್ ಸೈನಿಕರು ವೆಕ್ಸ್‌ಫರ್ಡ್ ತೀರದಲ್ಲಿ ಇಳಿದ್ರು, ಐರ್ಲೆಂಡ್ ಮೇಲೆ ಇಂಗ್ಲೆಂಡಿನ ಹಿಡಿತ ಶುರುವಾಗಿದ್ದು ಅಲ್ಲಿಂದ. ಆ ಮ್ಯಾಕ್‌ಮರೋ ಕೂಡ ಮುರಖಾನ ಹೆಸರೇ. ಆದರೆ ಅವನ ಮಗ ಡೊನಾಲ್ ಇಂದ ಇಳಿದ ಶಾಖೆಗೆ ಕ್ಯಾವನಾ ಅನ್ನೋ ಹೆಸರು ಬಂತು. ಅಂದ್ರೆ ಬೇರು ಒಂದೇ ಇದ್ರೂ ಹೆಸರು ಬೇರೆ ಆಗತ್ತೆ, ಹೆಸರು ಒಂದೇ ಇದ್ರೂ ಬೇರು ಬೇರೆ ಇರತ್ತೆ, ಎರಡೂ ದಿಕ್ಕಲ್ಲಿ ಎಚ್ಚರ ಬೇಕು.

ಓ ಮತ್ತು ಮ್ಯಾಕ್ ಎಲ್ಲಿ ಹೋಯ್ತು ಅಂತ ಕೇಳ್ತೀರಿ. 17, 18ನೇ ಶತಮಾನದಲ್ಲಿ ಇಂಗ್ಲಿಷ್ ಆಳ್ವಿಕೆ ಬಿಗಿಯಾದಾಗ ತುಂಬ ಕುಟುಂಬಗಳು ಐರಿಷ್ ಗುರುತು ಬಿಟ್ಟುಕೊಟ್ವು. 1893ರಲ್ಲಿ ಗೇಲಿಕ್ ಲೀಗ್ ಶುರುವಾಗಿ ಭಾಷೆ ಮೇಲೆ ಅಭಿಮಾನ ವಾಪಸ್ ಬಂದ ಕಾಲದಲ್ಲಿ ಒಬ್ರಯನ್, ಒಸಲ್ಲಿವನ್ ಥರದೋರು ಬಹಳಷ್ಟು ಜನ ಓ ಮತ್ತೆ ಸೇರಿಸ್ಕೊಂಡ್ರು, ಮರ್ಫಿಗಳು ಮಾತ್ರ ಹಾಗೇ ಉಳ್ಕೊಂಡ್ರು. ಓಮರ್ಫಿ ಅನ್ನೋದು ನಿಮ್ಮ ಕಣ್ಣಿಗೆ ಬೀಳೋದು ಬಹಳ ಅಪರೂಪ. ಐರಿಷ್ ಭಾಷೇಲೇ ಹೆಸರು ಬರೆಯೋರು ಮಾತ್ರ ಈಗ್ಲೂ ಓ ಮುರಖೂ ಅಂತ ಹೊಸ ಸ್ಪೆಲಿಂಗಲ್ಲಿ ಬರೀತಾರೆ.

ಹೆಣ್ಣುಮಕ್ಕಳ ರೂಪ ಬೇರೆ, ಇದು ಗೊತ್ತಿಲ್ಲದೇ ಎಷ್ಟೋ ಜನ ಅಕ್ಕತಂಗಿಯರ ದಾಖಲೇನೇ ಬಿಟ್ಟುಬಿಡ್ತಾರೆ. ಮಗಳಾದ್ರೆ ಓ ಬದಲು ನೀ ಬರತ್ತೆ, ಮುಂದಿನ ಮ ಮೆತ್ತಗಾಗಿ ನೀ ವುರಖೂ ಆಗತ್ತೆ. ಮದುವೆಯಾಗಿ ಆ ಮನೆಗೆ ಬಂದೋರಾದ್ರೆ ಇ ವುರಖೂ. ಮ್ಯಾಕ್ ಕಡೆ ಮಗಳಿಗೆ ನಿಕ್. ಒಂದೇ ಮನೇಲಿ ಅಪ್ಪ, ಅಮ್ಮ, ಮಗಳು ಮೂವರ ಹೆಸರೂ ಬರವಣಿಗೇಲಿ ಬೇರೆ ಬೇರೆ ಕಾಣ್ಸತ್ತೆ, ಆದರೂ ಒಂದೇ ಮನೆತನ.

ವಸ್ತುಗಳ ಹಿಂದೆ ಇರೋ ಮನುಷ್ಯನನ್ನ ಹುಡುಕಿ

ಮರ್ಫಿ ಅಂತ ಯಾವ ವಸ್ತು ಕಂಡ್ರೂ ಮೊದಲ ಕೆಲಸ ಆ ಹೆಸರಿನ ಮನುಷ್ಯ ಯಾರು, ಹುಟ್ಟಿದ್ದೆಲ್ಲಿ ಅಂತ ನೋಡೋದು.

ರೇಡಿಯೋ ತಗೊಳ್ಳಿ. 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟೀಲಿ ಫ್ರಾಂಕ್ ಮರ್ಫಿ ಮತ್ತು ಇ. ಜೆ. ಪವರ್ ಸೇರಿ ಮರ್ಫಿ ರೇಡಿಯೋ ಶುರು ಮಾಡಿದ್ರು. ಫ್ರಾಂಕ್ ಮರ್ಫಿ 1937ರಲ್ಲೇ ಕಂಪನಿ ಬಿಟ್ರು, ಹೆಸರು ಮಾತ್ರ ಉಳೀತು, ಭಾರತಕ್ಕೂ ಬಂತು. ಬೆರಳು ತುಟಿ ಹತ್ರ ಇಟ್ಕೊಂಡಿರೋ ಆ ಮಗುವಿನ ಜಾಹೀರಾತು ಗೊತ್ತಲ್ವಾ, ಒಂದು ಕಾಲದಲ್ಲಿ ಎಷ್ಟೋ ಮನೆ ಕ್ಯಾಲೆಂಡರಲ್ಲಿ ಅದೇ ಇತ್ತು, ಬೆಂಗಳೂರು ಆಕಾಶವಾಣಿ ವಾರ್ತೆ ಕೇಳೋಕೆ ಅಕ್ಕಪಕ್ಕದೋರೆಲ್ಲ ಬಂದು ಕೂರ್ತಿದ್ದ ಕಾಲ. ನಮ್ಮ ದೇಶದಲ್ಲಿ ಈ ಹೆಸರನ್ನ ಮನೆಮನೆಗೆ ತಲುಪಿಸಿದ್ದು ಆ ಪೆಟ್ಟಿಗೆನೇ ಅಂತ ನನಗನ್ನಿಸತ್ತೆ. ನಿಮ್ಮನೇಲಿ ಹಳೇ ಸೆಟ್ ಇದ್ರೆ ಹಿಂದಿನ ಮುಚ್ಚಳದ ಮೇಲೆ ಮಾಡೆಲ್ ನಂಬರ್, ತಯಾರಿಸಿದ ಊರು ಇರತ್ತೆ, ಫೋಟೋ ತೆಗೆದಿಡಿ, ವಾಲ್ವ್ ಮಾತ್ರ ಕಿತ್ತು ನೋಡೋಕೆ ಹೋಗಬೇಡಿ.

ಮರ್ಫಿ ಲಾ ವಿಚಾರಕ್ಕೆ ಬರೋಣ. 1949, ಕ್ಯಾಲಿಫೋರ್ನಿಯಾದ ಮರುಭೂಮೀಲಿರೋ ಈಗಿನ ಎಡ್ವರ್ಡ್ಸ್ ವಾಯುನೆಲೆ. ಜಾನ್ ಪಾಲ್ ಸ್ಟ್ಯಾಪ್ ಅನ್ನೋ ಡಾಕ್ಟರ್ ಅಧಿಕಾರಿ ರಾಕೆಟ್ ಕಟ್ಟಿದ ಗಾಡೀಲಿ ತಾವೇ ಕೂತು, ಭಾರೀ ವೇಗದಿಂದ ದಿಢೀರಂತ ನಿಂತ್ರೆ ಮನುಷ್ಯನ ಮೈ ಎಷ್ಟು ತಡ್ಕೊಳ್ಳತ್ತೆ ಅಂತ ಪರೀಕ್ಷೆ ಮಾಡ್ತಿದ್ರು. ಆ ಬಲ ಅಳೆಯೋ ಸೆನ್ಸರ್ ತಂದಿದ್ದು ಕ್ಯಾಪ್ಟನ್ ಎಡ್ವರ್ಡ್ ಎ. ಮರ್ಫಿ ಜೂನಿಯರ್. ವೈರಿಂಗ್ ಉಲ್ಟಾ ಆಗಿತ್ತು, ಪರೀಕ್ಷೆ ಮುಗಿದ್ಮೇಲೆ ನೋಡಿದ್ರೆ ರೀಡಿಂಗ್ ಸೊನ್ನೆ. ಆಗ ಅವರು ಏನು ಹೇಳಿದ್ರು ಅನ್ನೋದರ ಬಗ್ಗೆ ಅಲ್ಲಿದ್ದೋರಲ್ಲೇ ಒಮ್ಮತ ಇಲ್ಲ, ತಪ್ಪು ಮಾಡೋಕೆ ಒಂದು ದಾರಿ ಇದ್ರೆ ಯಾರಾದ್ರೂ ಅದನ್ನ ಮಾಡೇ ಮಾಡ್ತಾರೆ ಅನ್ನೋ ಅರ್ಥದ ಮಾತು. ಅದನ್ನ ಪತ್ರಕರ್ತರ ಮುಂದೆ ಹೇಳಿ ಊರಿಗೆಲ್ಲ ಹಬ್ಬಿಸಿದ್ದು ಸ್ಟ್ಯಾಪ್. ಇದನ್ನ ನಾವು ಕೆಟ್ಟ ಟೈಮ್, ಹಣೆಬರಹ ಅನ್ನೋ ಥರ ಬಳಸ್ತೀವಿ, ಆದರೆ ಎಂಜಿನಿಯರ್‌ಗಳಿಗೆ ಅದರಲ್ಲಿರೋ ಪಾಠ ಬೇರೆ: ವೈರ್ ಉಲ್ಟಾ ಹಾಕೋಕೇ ಆಗದ ಹಾಗೆ ಪ್ಲಗ್ ಮಾಡು ಅಂತ. ನಿಮ್ಮ ಬರಹದಲ್ಲಿ ಈ ಎರಡೂ ಅರ್ಥ ಬೇರೆ ಮಾಡಿ ತೋರಿಸಿ, ಯಾಕಂದ್ರೆ ಹೆಸರಿನ ಬಳಕೆ ಹೇಗೆ ಜಾರತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲ್ಲ.

ಮರ್ಫಿ ಬೆಡ್ ಅಂದ್ರೆ ಗೋಡೆ ಒಳಗೆ ಮಡಚಿ ನಿಲ್ಲಿಸೋ ಮಂಚ. ಕೋರಮಂಗಲ, ಎಚ್‌ಎಸ್‌ಆರ್ ಕಡೆ ಸಣ್ಣ ಫ್ಲಾಟ್‌ಗೆ ಇಂಟೀರಿಯರ್ ಮಾಡಿಸೋರು ಇದೇ ಹೆಸರಲ್ಲಿ ಕೇಳ್ತಾರೆ, ಕೆಲವರು ವಾಲ್ ಬೆಡ್ ಅಂತಾರೆ. ಇದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ರೂಮಿನ ಮನೇಲಿದ್ದ ವಿಲಿಯಂ ಲಾರೆನ್ಸ್ ಮರ್ಫಿ ಮಾಡಿದ್ದು, 20ನೇ ಶತಮಾನದ ಶುರುವಲ್ಲಿ. 1989ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಒಂದು ಕೇಸಲ್ಲಿ ಈ ಹೆಸರು ಒಂದೇ ಕಂಪನಿ ಸ್ವತ್ತಾಗಿ ಉಳಿದಿಲ್ಲ, ಇಂಥ ಮಂಚಕ್ಕೆಲ್ಲ ಜನ ಹೇಳೋ ಸಾಮಾನ್ಯ ಹೆಸರಾಗಿದೆ ಅಂತ ಹೇಳ್ತು. ನಾವು ಫೋಟೋಕಾಪಿಗೆ ಝೆರಾಕ್ಸ್ ಅನ್ನೋ ಹಾಗೇನೇ.

ಡಾಕ್ಟರ್‌ಗಳ ಮರ್ಫಿ ಇನ್ನೂ ಗಲಿಬಿಲಿ. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ಉಸಿರು ಎಳ್ಕೊಳ್ಳಿ ಅಂದಾಗ ನೋವಿಗೆ ಉಸಿರು ಅರ್ಧಕ್ಕೇ ನಿಂತ್ರೆ ಅದು ಮರ್ಫಿ ಸೈನ್, ಪಿತ್ತಕೋಶ ಊದಿರೋದರ ಸೂಚನೆ, ಷಿಕಾಗೋ ಸರ್ಜನ್ ಜಾನ್ ಬೆಂಜಮಿನ್ ಮರ್ಫಿ ಹೆಸರಿಂದ ಬಂದಿದ್ದು, ಅವರ ಕಾಲ 1857ರಿಂದ 1916. ಇನ್ನು ಆಸ್ಪತ್ರೆಗಳ ಆಪರೇಷನ್ ಥಿಯೇಟರಲ್ಲಿ ಉಸಿರಾಟದ ಟ್ಯೂಬ್ ತುದೀಲಿ ಪಕ್ಕಕ್ಕೊಂದು ತೂತು ಇರತ್ತೆ, ತುದಿ ಮುಚ್ಚಿಹೋದ್ರೂ ಗಾಳಿ ಆಡ್ಲಿ ಅಂತ, ಅದು ಮರ್ಫಿ ಐ, ಅರಿವಳಿಕೆ ತಜ್ಞ ಫ್ರಾನ್ಸಿಸ್ ಜೆ. ಮರ್ಫಿ 1941ರಲ್ಲಿ ವಿವರಿಸಿದ್ದು. ಇಬ್ಬರೂ ಬೇರೆ. ಮೂರನೆಯವರು ವಿಲಿಯಂ ಪಿ. ಮರ್ಫಿ, ಪರ್ನಿಷಿಯಸ್ ಅನೀಮಿಯಾ ಅನ್ನೋ ಆಗ ಪ್ರಾಣ ತೆಗೀತಿದ್ದ ರಕ್ತಹೀನತೆಗೆ ಲಿವರ್ ತಿನ್ನಿಸಿ ಗುಣ ಮಾಡೋ ದಾರಿ ತೋರಿಸಿದ್ದಕ್ಕೆ ಮೈನಟ್ ಮತ್ತು ವ್ಹಿಪಲ್ ಜೊತೆ 1934ರ ನೊಬೆಲ್ ಹಂಚ್ಕೊಂಡೋರು. ಮೆಡಿಕಲ್ ಓದೋರು ನೋಟ್ಸಲ್ಲಿ ಬರೀ ಮರ್ಫಿ ಅಂತ ಬರೆದ್ರೆ ಮೂವರೂ ಕಲಸಿಹೋಗ್ತಾರೆ, ಪೂರ್ತಿ ಹೆಸರು ಬರ್ಕೊಳ್ಳಿ.

ಕಾರ್ಕ್ ನಗರದ ಮರ್ಫೀಸ್ ಬಿಯರ್ ಬಗ್ಗೆ ಹೆಚ್ಚೇನಿಲ್ಲ, 1856ರಲ್ಲಿ ಜೇಮ್ಸ್ ಜೆ. ಮರ್ಫಿ ಶುರು ಮಾಡಿದ ಕಪ್ಪು ಸ್ಟೌಟ್, ಅಷ್ಟೇ. ಇದು ಹುಟ್ಟಿದ್ದು ಐರ್ಲೆಂಡಲ್ಲೇ.

ಆಲೂಗಡ್ಡೆ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ಇಂಗ್ಲಿಷ್ ಆಡುಮಾತಲ್ಲಿ ಮರ್ಫಿ ಅಂದ್ರೆ ಆಲೂಗಡ್ಡೆ ಅಂತಾನೂ ಅರ್ಥ ಇದೆ, ಐರಿಷ್ ಬಡಜನ ಅದನ್ನೇ ತಿಂದು ಬದುಕ್ತಿದ್ರು ಅನ್ನೋ ಕಾರಣಕ್ಕೆ ಅಂಟಿದ್ದು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು, ನಮ್ಮ ಹಾಸನ ಕೋಲಾರದ ರೈತರನ್ನ ಈಗ್ಲೂ ಕಾಡೋ ಅದೇ ರೋಗ, ಬೆಳೆ ಪೂರ್ತಿ ಕೊಳೆತು ಹೋಗಿ 1852ರವರೆಗೆ ಸುಮಾರು 10 ಲಕ್ಷ ಜನ ಹಸಿವು ಮತ್ತು ಕಾಯಿಲೆಗೆ ಸತ್ರು, ಇನ್ನೂ 10 ಲಕ್ಷಕ್ಕೂ ಜಾಸ್ತಿ ಜನ ಹಡಗು ಹತ್ತಿ ದೇಶ ಬಿಟ್ರು. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ, ಇಂಗ್ಲೆಂಡಲ್ಲಿ ಇಷ್ಟೊಂದು ಮರ್ಫಿಗಳು ಇರೋಕೆ ದೊಡ್ಡ ಕಾರಣ ಇದೇ. ಅಷ್ಟು ಸಾವು ಕಂಡ ಜನಕ್ಕೆ ಆ ಬೆಳೆ ಹೆಸರನ್ನೇ ಇಟ್ಟು ಕರೆಯೋದು ಚೆನ್ನಾಗಿರಲ್ಲ, ಪದಕೋಶದ ಮಾಹಿತಿ ಅಂತ ಬರೀರಿ, ಐರಿಷ್ ಕೊಲೀಗ್ ಮುಂದೆ ತಮಾಷೆಗೆ ಆಡಬೇಡಿ.

ಐರ್ಲೆಂಡಿನ ದಾಖಲೆ ಯಾವ ಕ್ರಮದಲ್ಲಿ ನೋಡಬೇಕು

ಹೊಸದರಿಂದ ಹಳೇದಕ್ಕೆ ಹೋಗಿ, ಹಳೇದರಿಂದ ಹೊಸದಕ್ಕಲ್ಲ. ರಾಜರ ಕಾಲದಿಂದ ಶುರು ಮಾಡಿದ್ರೆ ಯಾವ ಮರ್ಫಿಗೂ ಕೊಂಡಿ ಸಿಗಲ್ಲ.

ಮೊದಲು 1901 ಮತ್ತು 1911ರ ಜನಗಣತಿ. ಐರ್ಲೆಂಡ್ ರಾಷ್ಟ್ರೀಯ ಪತ್ರಾಗಾರದ ಸೈಟಲ್ಲಿ ದುಡ್ಡಿಲ್ಲದೇ ನೋಡಬಹುದು, ಮನೆಯೋರೇ ತುಂಬಿದ ಫಾರಂ ಸ್ಕ್ಯಾನ್ ಕಾಣ್ಸತ್ತೆ, ವಯಸ್ಸು, ಧರ್ಮ, ಉದ್ಯೋಗ, ಐರಿಷ್ ಮಾತಾಡೋಕೆ ಬರತ್ತಾ ಇಲ್ವಾ ಎಲ್ಲ ಇರತ್ತೆ. ಆಮೇಲೆ ಐರಿಷ್ ಜೀನಿಯಾಲಜಿ ಅನ್ನೋ ಸರ್ಕಾರಿ ಸೈಟಲ್ಲಿ ಜನನ, ಮದುವೆ, ಮರಣದ ನೋಂದಣಿ. ಎಲ್ಲರ ಜನನ ನೋಂದಣಿ ಶುರುವಾಗಿದ್ದು 1864ರಲ್ಲಿ, ಕ್ಯಾಥೋಲಿಕ್ ಅಲ್ಲದ ಮದುವೆಗಳದ್ದು 1845ರಿಂದ. ಅದಕ್ಕೂ ಹಿಂದೆ ಹೋಗಬೇಕಂದ್ರೆ ಕ್ಯಾಥೋಲಿಕ್ ಚರ್ಚ್ ರಿಜಿಸ್ಟರ್‌ಗಳು, ಅವು ನ್ಯಾಷನಲ್ ಲೈಬ್ರರಿ ಸೈಟಲ್ಲಿ ಉಚಿತ, ಆದರೆ ಕೈಬರಹ, ಲ್ಯಾಟಿನ್ನಲ್ಲೂ ಇರತ್ತೆ, ತಾಳ್ಮೆ ಬೇಕು. ಚರ್ಚ್ ಯಾವುದು ಅಂತ ಗೊತ್ತಿಲ್ಲದೇ ಅಲ್ಲಿಗೆ ಹೋದ್ರೆ ಮುಳುಗಿದ ಹಾಗೆ.

19ನೇ ಶತಮಾನದ ಜನಗಣತಿ ಯಾಕೆ ನೋಡಬಾರ್ದು ಅಂದ್ರೆ ಅವು ಹೆಚ್ಚುಕಡಿಮೆ ಇಲ್ವೇ ಇಲ್ಲ. 1922ರ ಜೂನ್ ಕೊನೇಲಿ ಅಂತರ್ಯುದ್ಧ ಶುರುವಾದಾಗ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ಪಬ್ಲಿಕ್ ರೆಕಾರ್ಡ್ ಆಫೀಸ್ ಸುಟ್ಟುಹೋಯ್ತು, 1821ರಿಂದ 1851ರವರೆಗಿನ ಗಣತಿ ಬಹುತೇಕ ಅಲ್ಲೇ ಬೂದಿ. 1861ರಿಂದ 1891ರವು ಅದಕ್ಕೂ ಮುಂಚೆ ಸರ್ಕಾರವೇ ನಾಶ ಮಾಡಿತ್ತು. ಈ ವಿಷಯ ಓದಿದಾಗೆಲ್ಲ ಹೊಟ್ಟೆ ಉರಿಯತ್ತೆ. ಆ ಖಾಲಿ ಜಾಗ ತುಂಬೋಕೆ ಜನ ಉಪಯೋಗಿಸೋದು ಗ್ರಿಫಿತ್ ವ್ಯಾಲ್ಯುಯೇಷನ್, 1847ರಿಂದ 1864ರವರೆಗೆ ಜಮೀನು ಮನೆ ತೆರಿಗೆಗೆ ಮಾಡಿದ ಸರ್ವೆ, ಯಾವ ಹಳ್ಳೀಲಿ ಯಾರು ಎಷ್ಟು ಭೂಮಿ ಇಟ್ಕೊಂಡಿದ್ರು ಅಂತ ನಕ್ಷೆ ಸಮೇತ. ನಮ್ಮ ಪಹಣಿ ನೋಡಿ ಅಭ್ಯಾಸ ಇರೋರಿಗೆ ಇದು ಬೇಗ ಅರ್ಥ ಆಗತ್ತೆ. ಆದರೆ ಇಲ್ಲಿ ಮನೆ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳದ್ದು ಇಲ್ಲ.

ಕಾರ್ಕ್ ಕಡೆ ಒಂದೇ ಹಳ್ಳೀಲಿ ಜಾನ್ ಮರ್ಫಿಗಳು ಸಾಲಾಗಿ ಬರ್ತಾರೆ. ಅಲ್ಲಿನ ಜನ ಅದಕ್ಕೆ ಶಾಖೆಗೊಂದು ಅಡ್ಡಹೆಸರು ಇಟ್ಕೊಳ್ತಿದ್ರು. ನೀವು ಜಾನ್‌ನ ಬಿಟ್ಟು ಹೆಂಡತಿಯ ತವರುಮನೆ ಹೆಸರು ಹಿಡಿದು ಹುಡುಕಿ, ಹಾಗೇ ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತೋರ ಹೆಸರು ನೋಡಿ, ಅವರು ಸಾಮಾನ್ಯವಾಗಿ ನೆಂಟರೇ ಆಗಿರ್ತಾರೆ. ಯಾವುದೋ ಅಂಗಡಿಯೋರು ಮರ್ಫಿ ಮನೆತನದ ಲಾಂಛನ ಅಂತ ಮಗ್ ಮೇಲೆ ಪ್ರಿಂಟ್ ಹಾಕಿ ಮಾರೋದನ್ನ ಆಧಾರ ಅಂತ ತಗೊಳ್ಳಬೇಡಿ, ಲಾಂಛನ ಕೊಡೋದು ಒಬ್ಬ ವ್ಯಕ್ತಿಗೆ ಮತ್ತು ಅವನ ವಾರಸುದಾರರಿಗೆ, ಆ ಹೆಸರಿರೋ ಎಲ್ಲರಿಗೂ ಅಲ್ಲ.

ಬೆಂಗಳೂರು ಕಡೆಯಿಂದ ಹುಡುಕೋದು

ಇಲ್ಲಿ ಐರಿಷ್ ಹೆಸರು ಬಂದಿದ್ದು ಮುಖ್ಯವಾಗಿ ಸೇನೆ ಜೊತೆ. ಕಂಟೋನ್ಮೆಂಟ್ ಶುರುವಾಗಿದ್ದು 1809ರಲ್ಲಿ, ಬ್ರಿಟಿಷ್ ಸೇನೇಲಿ ಐರಿಷ್ ಸೈನಿಕರು ದೊಡ್ಡ ಸಂಖ್ಯೇಲಿ ಇದ್ರು. ಬ್ರಿಗೇಡ್ ರೋಡ್ ರೆಸಿಡೆನ್ಸಿ ರೋಡ್ ಹತ್ರ ಇರೋ ಸೇಂಟ್ ಪ್ಯಾಟ್ರಿಕ್ಸ್ ಚರ್ಚ್ ನೋಡಿ, ಸಂತ ಪ್ಯಾಟ್ರಿಕ್ ಅಂದ್ರೆ ಐರ್ಲೆಂಡಿನ ಪಾಲಕ ಸಂತ, ಅಲ್ಲಿಗೆ ಪ್ರಾರ್ಥನೆಗೆ ಬರ್ತಿದ್ದ ಐರಿಷ್ ಸೈನಿಕರ ನೆನಪು ಆ ಹೆಸರಲ್ಲೇ ಇದೆ. ಮರ್ಫಿ ಟೌನ್‌ಗೆ ಹಿಂದೆ ನಾಕ್ಸ್‌ಪೇಟೆ ಅಂತಿದ್ರು, ಆಮೇಲೆ ಕಂಟೋನ್ಮೆಂಟಿನ ಎಂಜಿನಿಯರ್ ಡಬ್ಲ್ಯು. ಎಚ್. ಮರ್ಫಿ ಹೆಸರು ಬಂತು.

ಕುಟುಂಬದ ಮರ್ಫಿ ಹುಡುಕೋರು ಒಂದು ವಿಷಯ ತಿಳ್ಕೊಳ್ಳಿ, ಕಂಟೋನ್ಮೆಂಟ್ ಮೈಸೂರು ರಾಜ್ಯದ ಭಾಗವಾಗಿ ವಾಪಸ್ ಸೇರಿದ್ದು 1947ರಲ್ಲಿ, ಅಲ್ಲೀವರೆಗೆ ಬ್ರಿಟಿಷರ ಆಡಳಿತ. ಅದಕ್ಕೇ ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ವಿವರದ ಪ್ರತಿ ಮದ್ರಾಸಿಗೆ ಹೋಗಿ ಅಲ್ಲಿಂದ ಲಂಡನ್ನಿಗೆ ಹೋಗ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರೀಲಿ ಇವೆ, ಮದ್ರಾಸ್ ಸರಣಿಗೆ ಎನ್ 2 ಅನ್ನೋ ಗುರುತು. ಕ್ಯಾಥೋಲಿಕ್ ಪ್ರತಿಗಳಲ್ಲಿ ಬಿಟ್ಟುಹೋಗಿರೋದು ಜಾಸ್ತಿ, ಹಾಗಾಗಿ ಇಲ್ಲಿನ ಚರ್ಚ್ ಆಫೀಸಲ್ಲಿ ಮೂಲ ರಿಜಿಸ್ಟರ್ ಕೇಳೋದು ಮುಖ್ಯ. ಭಾನುವಾರ ಪೂಜೆ ಮುಗಿದ ಗಲಾಟೇಲಿ ಹೋಗಬೇಡಿ, ವಾರದ ದಿನ ಹೋಗಿ, ಹೆಸರು ಮತ್ತು ಹೆಚ್ಚುಕಡಿಮೆ ಯಾವ ವರ್ಷ ಅಂತ ಒಂದು ಪತ್ರದಲ್ಲಿ ಬರೆದು ಫಾದರ್ ಕೈಗೆ ಕೊಡಿ. ಮನೇಲೇ ಕೂತು ಶುರು ಮಾಡೋದಾದ್ರೆ ಫಿಬಿಸ್, ಅಂದ್ರೆ ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬಗ್ಗೆ ಕೆಲಸ ಮಾಡೋ ಸಂಘ, ಅವರ ಡೇಟಾಬೇಸ್ ಉಚಿತ.

ಇಲ್ಲಿಂದ ಐರ್ಲೆಂಡಿಗೆ ಸೇತುವೆ ಆಗೋದು ರೆಜಿಮೆಂಟ್. ಮಗುವಿನ ದೀಕ್ಷಾಸ್ನಾನದ ಸಾಲಲ್ಲಿ ಅಪ್ಪನ ಹೆಸರಿನ ಪಕ್ಕ ರೆಜಿಮೆಂಟ್ ಬರೆದಿರ್ತಾರೆ, ಅದನ್ನ ಬಿಡದೇ ಬರ್ಕೊಳ್ಳಿ. ರಾಣಿಯ ಸೇನೆ ಸೈನಿಕನಾಗಿದ್ರೆ ಲಂಡನ್ ಹತ್ರದ ಕ್ಯೂ ಅನ್ನೋ ಕಡೆ ಇರೋ ನ್ಯಾಷನಲ್ ಆರ್ಕೈವ್ಸಲ್ಲಿ ಡಬ್ಲ್ಯುಒ 97 ಅನ್ನೋ ಸರಣಿ ಇದೆ, 1760ರಿಂದ 1913ರವರೆಗೆ ಬಿಡುಗಡೆಯಾದ ಸೈನಿಕರ ಕಾಗದ, ಅದರಲ್ಲಿ ಹುಟ್ಟಿದ ಊರು ಅಥವಾ ಚರ್ಚಿನ ವ್ಯಾಪ್ತಿ ಇರತ್ತೆ. ಅದು ಸಿಕ್ತು ಅಂದ್ರೆ ಕೌಂಟಿ ಸಿಕ್ತು, ಕೌಂಟಿ ಸಿಕ್ರೆ ಯಾವ ಗುಂಪಿನ ಮರ್ಫಿ ಅನ್ನೋ ಪ್ರಶ್ನೆಗೆ ಉತ್ತರದ ಹತ್ರ ಬಂದ್ರಿ. ಈಸ್ಟ್ ಇಂಡಿಯಾ ಕಂಪನಿ ಸೇನೆಯೋನಾಗಿದ್ರೆ ಕಾಗದ ಬ್ರಿಟಿಷ್ ಲೈಬ್ರರಿ ಕಡೆ.

ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಮರ್ಫಿ ಅನ್ನೋ ಹೆಸರು ಮಲತಂದೆಯಿಂದಲೋ ಸಾಕಿದೋರಿಂದಲೋ ಬಂದಿರಬಹುದು. ಮನೆಯ ಹಿರಿಯರನ್ನ ಕೇಳೋವಾಗ ಮೆಲ್ಲಗೆ ಕೇಳಿ, ಅವರು ಹೇಳೋಕೆ ಇಷ್ಟಪಡದೇ ಇದ್ರೆ ಅಲ್ಲಿಗೆ ಬಿಡಿ, ಬದುಕಿರೋರ ವಿವರ ಎಲ್ಲೂ ಹಾಕಬೇಡಿ. ಏರಿಯಾ ಇತಿಹಾಸ ಬೇಕಾದೋರಿಗೆ ಹಳೇ ಸರ್ಕಾರಿ ಕಡತಗಳು ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರದಲ್ಲಿ, ಹಳೇ ಲೇಖನಗಳು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟೀಲಿ ಸಿಗತ್ತೆ.

ಕರ್ನಾಟಕಕ್ಕೆ ಹತ್ತಿರದ ಇನ್ನೊಬ್ಬ ಮರ್ಫಿ ಬಗ್ಗೆ ಹೇಳಲೇಬೇಕು. ಡರ್ವ್ಲಾ ಮರ್ಫಿ, 1931ರಲ್ಲಿ ಐರ್ಲೆಂಡಿನ ಲಿಸ್ಮೋರಲ್ಲಿ ಹುಟ್ಟಿದೋರು, 1963ರಲ್ಲಿ ಒಬ್ಬರೇ ಸೈಕಲ್ ತುಳ್ಕೊಂಡು ಯೂರೋಪಿಂದ ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಡೆಲ್ಲಿಗೆ ಬಂದ್ರು, ಹತ್ತು ವರ್ಷ ಬಿಟ್ಟು ಪುಟ್ಟ ಮಗಳ ಜೊತೆ ಕೊಡಗಿಗೆ ಬಂದು ಉಳಿದು ಆ ನಾಡಿನ ಬಗ್ಗೆ ಪುಸ್ತಕಾನೇ ಬರೆದ್ರು. 2022ರಲ್ಲಿ ತೀರ್ಕೊಂಡ್ರು. ಮರ್ಫಿ ಅಂದಾಗ ನನಗೆ ಮೊದಲು ನೆನಪಾಗೋದು ಇವರೇ.

ಬರೆಯೋವಾಗ

ಕನ್ನಡದಲ್ಲಿ ಹೆಸರು ಬರೆಯೋ ಮುಂಚೆ ಉಚ್ಚಾರಣೆ ಕೇಳಿಸ್ಕೊಳ್ಳಿ. ಐರಿಷ್ ಭಾಷೇಲಿ ಸಿ ಅಕ್ಷರ ಯಾವಾಗ್ಲೂ ಕ. ಕಾರ್ಕ್‌ನಲ್ಲಿ ಹುಟ್ಟಿ 2024ರಲ್ಲಿ ಆಸ್ಕರ್ ಗೆದ್ದ ನಟ ಕಿಲಿಯನ್ ಮರ್ಫಿನ ನಮ್ಮಲ್ಲಿ ಸಿಲಿಯನ್ ಅಂತ ಬರೀತಾರೆ, ತಪ್ಪು. ಊರಿನ ಹೆಸರಿಗೆ ಲಾಗನಮ್ ಅನ್ನೋ ಸರ್ಕಾರಿ ಸೈಟ್ ಇದೆ, ಐರಿಷ್ ರೂಪ ಅಲ್ಲೇ ನೋಡಿ. ಬೆಲ್‌ಫಾಸ್ಟಲ್ಲಿ ಬ್ಯಾಲಿಮರ್ಫಿ ಅನ್ನೋ ಏರಿಯಾ ಇದೆ, ಮರ್ಫಿಗಳ ಊರು ಅಂತಾನೇ ಅರ್ಥ.

ಪ್ರತಿ ಮರ್ಫಿಗೂ ಬೇರೆ ಪುಟ ಇಡಿ. ಮೇಲೆ ಪೂರ್ತಿ ಹೆಸರು ಮತ್ತು ಹುಟ್ಟಿದ ವರ್ಷ, ಕೆಳಗೆ ಯಾವ ದಾಖಲೇಲಿ ಏನಿತ್ತು ಅಂತ ಇದ್ದಿದ್ದು ಇದ್ದ ಹಾಗೆ, ದಾಖಲೆ ನೋಡಿದ ತಾರೀಖು ಸಮೇತ. ಮನೆಯೋರು ಹೇಳಿದ ಮಾತನ್ನ ಬೇರೆ ಬಣ್ಣದ ಪೆನ್ನಲ್ಲಿ ಬರೀರಿ. ಇಬ್ಬರು ಮರ್ಫಿಗಳ ನಡುವೆ ಗೆರೆ ಎಳೆಯೋಕೆ ಕೈ ಹೋದಾಗ, ಆ ಇಬ್ಬರ ಹೆಸರೂ ಒಟ್ಟಿಗೆ ಇರೋ ಒಂದು ಕಾಗದ ನಿಮ್ಮ ಹತ್ರ ಇದೆಯಾ ಅಂತ ನೋಡ್ಕೊಳ್ಳಿ, ಇಲ್ಲ ಅಂದ್ರೆ ಚುಕ್ಕೆ ಗೆರೆ ಹಾಕಿ.